ಹಾಳುಮಾಡುವ ಅಸಹ್ಯವಸ್ತು: ಪ್ರಾಚೀನ ಇತಿಹಾಸದ ಬೆಳಕಿನಲ್ಲಿ ಅಂತ್ಯಕಾಲದ ಪ್ರವಾದನೆ

ಪಶ್ಚಿಮ ಏಷ್ಯದಲ್ಲಿ ಯುದ್ಧದ ಸುದ್ದಿ ಬಂದಾಗಲೆಲ್ಲ ನಮ್ಮ ಸಭೆಗಳಲ್ಲಿ ಒಂದೇ ಪ್ರಶ್ನೆ ಮತ್ತೆ ಮತ್ತೆ ಏಳುತ್ತದೆ. ಆರಾಧನೆ ಮುಗಿದ ಮೇಲೆ ಯಾರಾದರೊಬ್ಬರು ಸಭಾಪಾಲಕರ ಬಳಿಗೆ ಬಂದು, "ಅಯ್ಯನವರೇ, ದಾನಿಯೇಲನು ಹೇಳಿದ್ದು ಇದೇ ಅಲ್ಲವೇ?" ಎಂದು ಕೇಳುತ್ತಾರೆ. ಈ ಪ್ರಶ್ನೆಗೆ ಅವಸರದಲ್ಲಿ ಕೊಡುವ ಉತ್ತರಗಳು ಎರಡು. "ಹೌದು, ಇದೇ" ಎಂದವರು ಕೇಳಿದವರ ಭಯವನ್ನು ಹೆಚ್ಚಿಸುತ್ತಾರೆ. ಮುಂದಿನ ಯುದ್ಧ ಬಂದಾಗ ತಮ್ಮ ಮಾತನ್ನು ತಾವೇ ತಿದ್ದಿಕೊಳ್ಳಬೇಕಾಗುತ್ತದೆ. "ಅಂಥ ವಿಷಯ ನಮಗೇಕೆ" ಎಂದವರು ಪ್ರಶ್ನೆಯನ್ನು ಬೇರೆಯವರ ಕೈಗೆ ಒಪ್ಪಿಸಿಬಿಡುತ್ತಾರೆ. ಕೇಳಿದವರು ಉತ್ತರವಿಲ್ಲದೆ ಸುಮ್ಮನಿರುವುದಿಲ್ಲ. ಲೆಕ್ಕಪಟ್ಟಿ ಹಿಡಿದುಕೊಂಡು ಬರುವ ಯಾರ ಬಳಿಗಾದರೂ ಹೋಗುತ್ತಾರೆ.

ಈ ಲೇಖನದಲ್ಲಿ ನಾವು ಮೂರನೆಯ ದಾರಿಯೊಂದನ್ನು ತೋರಿಸಲು ಯತ್ನಿಸುತ್ತೇವೆ. ಮಾರ್ಕನ ಸುವಾರ್ತೆಯ 13ನೆಯ ಅಧ್ಯಾಯದಲ್ಲಿ ಕರ್ತನು ಉಲ್ಲೇಖಿಸಿದ ಒಂದೇ ಒಂದು ಪದಗುಚ್ಛವನ್ನು, ಅಂದರೆ "ಹಾಳುಮಾಡುವ ಅಸಹ್ಯವಸ್ತು" ಎಂಬುದನ್ನು, ತೆಗೆದುಕೊಂಡು ಅದು ಇತಿಹಾಸದಲ್ಲಿ ನಡೆದುಬಂದ ದಾರಿಯನ್ನು ಹಿಂಬಾಲಿಸೋಣ. ಆ ಮಾತನ್ನು ಮೊದಲು ಕೇಳಿದವರಿಗೆ ಅದು ಒಗಟಾಗಿರಲಿಲ್ಲ. ತಮ್ಮ ಪೂರ್ವಿಕರ ಗಾಯವನ್ನು ಮುಟ್ಟುವ ಮಾತಾಗಿತ್ತು. ಆ ಗಾಯ ಯಾವುದೆಂದು ತಿಳಿಯದೆ ಆ ಮಾತಿನ ಅರ್ಥಕ್ಕೆ ಕೈಹಾಕುವುದು ಸರಿಯಲ್ಲ.

1. ಕ್ರಿ.ಪೂ. 167: ಪದದ ಹುಟ್ಟು

ದಾನಿಯೇಲನ ಗ್ರಂಥದಲ್ಲಿ ಈ ಪದಗುಚ್ಛವು 9:27, 11:31 ಮತ್ತು 12:11ರಲ್ಲಿ ಕಾಣಿಸುತ್ತದೆ. 8:13ರ ಮಾತೂ ಅದೇ ಜಾಡಿನದು. ಈ ವಾಕ್ಯಗಳಲ್ಲಿ ಕೇಳಿಬರುವುದು ನಿತ್ಯಹೋಮವು ನಿಂತುಹೋಗುವುದು, ಪವಿತ್ರಾಲಯವು ಹೊಲೆಯಾಗುವುದು, ದೇವಜನರು ಹಿಂಸೆಗೆ ಗುರಿಯಾಗುವುದು. ಇವು ಒಟ್ಟಾಗಿ ನಡೆದ ಕಾಲವೊಂದನ್ನು ಇತಿಹಾಸವು ಸ್ಪಷ್ಟವಾಗಿ ಬಲ್ಲದು.

ಸಿರಿಯದ ಸೆಲ್ಯೂಕಸ್ ವಂಶದ ಅರಸನಾದ ನಾಲ್ಕನೆಯ ಅಂತಿಯೋಕ ಎಪಿಫನೇಸನು ಕ್ರಿ.ಪೂ. 175ರಿಂದ 164ರವರೆಗೆ ಆಳಿದನು. ಅವನ ಕಾಲದಲ್ಲಿ ಯೆರೂಸಲೇಮಿನ ಮಹಾಯಾಜಕ ಪದವಿಯು ಹಣಕ್ಕೆ ಬಿಕರಿಯಾಯಿತು. ಕ್ರಿ.ಪೂ. 169ರಲ್ಲಿ ಅವನು ದೇವಾಲಯದ ಭಂಡಾರವನ್ನು ಸೂರೆಮಾಡಿದನು. ಮರುವರುಷ ಐಗುಪ್ತವನ್ನು ಗೆಲ್ಲಲು ಹೊರಟಾಗ ಅಲೆಕ್ಸಾಂದ್ರಿಯದ ಬಳಿಯಲ್ಲಿ ರೋಮಿನ ರಾಯಭಾರಿ ಪೊಪಿಲಿಯಸ್ ಲೈನಸನು ಅವನಿಗೆ ಎದುರಾದನು. ಆ ರಾಯಭಾರಿಯು ಅರಸನ ಸುತ್ತಲೂ ನೆಲದ ಮೇಲೆ ಕೋಲಿನಿಂದ ಗೆರೆ ಎಳೆದು, ಗೆರೆ ದಾಟುವ ಮುಂಚೆ ಉತ್ತರ ಹೇಳಬೇಕೆಂದು ಒತ್ತಾಯಿಸಿದನು. ಅವಮಾನಗೊಂಡ ಅರಸನು ಹಿಂದಿರುಗಿದನು. ಕಿತ್ತೀಮಿನ ಹಡಗುಗಳು ಬರುತ್ತಲೇ ಅರಸನು ಎದೆಗುಂದಿ ಹಿಂದಿರುಗಿ ಪರಿಶುದ್ಧ ಒಡಂಬಡಿಕೆಯ ಮೇಲೆ ಕೋಪ ತೀರಿಸಿಕೊಳ್ಳುವನೆಂದು ದಾನಿಯೇಲ 11:30 ಹೇಳುವುದು ಈ ಪ್ರಸಂಗವನ್ನೇ ಎಂಬುದರಲ್ಲಿ ವ್ಯಾಖ್ಯಾನಕಾರರಿಗೆ ಹೆಚ್ಚಿನ ಭಿನ್ನಾಭಿಪ್ರಾಯವಿಲ್ಲ.

ಬಳಿಕ ಸಬ್ಬತ್ತಿನ ಆಚರಣೆಯೂ ಸುನ್ನತಿಯೂ ಮರಣದಂಡನೆಗೆ ತಕ್ಕ ಅಪರಾಧಗಳಾದವು. ಕ್ರಿ.ಪೂ. 167ರ ಡಿಸೆಂಬರಿನಲ್ಲಿ, ಕಿಸ್ಲೇವ್ ತಿಂಗಳಲ್ಲಿ, ಸರ್ವಾಂಗಹೋಮದ ಯಜ್ಞವೇದಿಯ ಮೇಲೆ ಮತ್ತೊಂದು ವೇದಿಯನ್ನು ಕಟ್ಟಿ ಅನ್ಯದೇವತೆಗೆ ಬಲಿಯನ್ನು ಅರ್ಪಿಸಲಾಯಿತು. ಮಕ್ಕಬಿಯರ ಮೊದಲನೆಯ ಗ್ರಂಥವು ಆ ಕಟ್ಟೋಣಕ್ಕೆ ಕೊಡುವ ಹೆಸರು ದಾನಿಯೇಲನ ಗ್ರಂಥದ ಅದೇ ಹೆಸರು. ದೇವಾಲಯಕ್ಕೆ ಒಲಿಂಪಸ್ಸಿನ ಜ್ಯೂಸ್ ದೇವರ ಹೆಸರಿಟ್ಟರೆಂದು ಎರಡನೆಯ ಗ್ರಂಥವು ತಿಳಿಸುತ್ತದೆ. ಪ್ರಾಟೆಸ್ಟಂಟ್ ಸಭೆಗಳು ಈ ಗ್ರಂಥಗಳನ್ನು ಅಧಿಕೃತ ಪಟ್ಟಿಯಲ್ಲಿ ಸೇರಿಸದಿದ್ದರೂ ಐತಿಹಾಸಿಕ ಸಾಕ್ಷ್ಯವಾಗಿ ಅವನ್ನು ಬಿಟ್ಟುಬಿಡಲಾಗದು.

ಹೀಬ್ರೂ ಭಾಷೆಯಲ್ಲಿ ಈ ಹೆಸರೇ ಒಂದು ತಿರಸ್ಕಾರದ ಮಾತು. ಸಿರಿಯದವರು ಆಕಾಶದ ಒಡೆಯನನ್ನು "ಬಾಳ್ ಶಾಮೇಮ್" ಎಂದು ಪೂಜಿಸುತ್ತಿದ್ದರು. ಯೆಹೂದ್ಯ ಭಕ್ತರು ಬಾಳನ ಹೆಸರೆತ್ತದೆ ಅದರ ಜಾಗದಲ್ಲಿ "ಶಿಕ್ಕೂಟ್ಸ್", ಅಂದರೆ ಅಸಹ್ಯ, ಎಂಬ ಶಬ್ದವನ್ನಿಟ್ಟರು. "ಶಾಮೇಮ್" ಎಂಬುದನ್ನು "ಶೋಮೇಮ್", ಅಂದರೆ ಹಾಳುಮಾಡುವಂಥದು, ಎಂದು ತಿರುಗಿಸಿದರು. ಅಧಿಕಾರದ ದೇವರಿಗೆ ಬಡವರು ಇಟ್ಟ ಅಡ್ಡಹೆಸರಿದು. 19ನೆಯ ಶತಮಾನದ ಕೊನೆಯಿಂದಲೂ ಬಹುಮಂದಿ ವಿದ್ವಾಂಸರು ಒಪ್ಪಿರುವ ವಿವರಣೆಯಿದು.

ಮೂರು ವರುಷಗಳ ಬಳಿಕ, ಕ್ರಿ.ಪೂ. 164ರ ಡಿಸೆಂಬರಿನಲ್ಲಿ, ಯೂದ ಮಕ್ಕಬಿಯನು ದೇವಾಲಯವನ್ನು ಶುದ್ಧಿಮಾಡಿಸಿದನು. ಯೋಹಾನ 10:22ರಲ್ಲಿ ಕರ್ತನು ಹಾಜರಿದ್ದ ಪ್ರತಿಷ್ಠೆಯ ಹಬ್ಬವು ಈ ಶುದ್ಧೀಕರಣದ ಸ್ಮರಣೆಯೇ. ಆದುದರಿಂದ ಕರ್ತನ ಕಾಲದ ಯೆಹೂದ್ಯರಿಗೆ ಅಂತಿಯೋಕನ ಕಥೆ ದೂರದ್ದಾಗಿರಲಿಲ್ಲ. ಪ್ರತಿವರುಷ ಚಳಿಗಾಲದಲ್ಲಿ ಅದು ಮನೆಮನೆಯಲ್ಲಿ ನೆನಪಾಗುತ್ತಿತ್ತು.

ಇಲ್ಲಿ ಒಂದು ತೊಡಕನ್ನು ಮರೆಮಾಡಬಾರದು. ದಾನಿಯೇಲ 11ರ ಕೊನೆಯಲ್ಲಿ ಆ ಅರಸನು ಸಮುದ್ರಕ್ಕೂ ಪರಿಶುದ್ಧ ಪರ್ವತಕ್ಕೂ ನಡುವೆ ಗುಡಾರ ಹಾಕಿ ಅಂತ್ಯವನ್ನು ಕಾಣುವನೆಂದಿದೆ. ಆದರೆ ಅಂತಿಯೋಕನು ಸತ್ತದ್ದು ಪಾರಸಿಯ ದೇಶದ ಕಡೆಯಲ್ಲಿ. ಮೂರನೆಯ ಶತಮಾನದಲ್ಲಿ ಪಾರ್ಫಿರಿ ಎಂಬ ಅನ್ಯಮತದ ತತ್ತ್ವಜ್ಞಾನಿಯು ಈ ಗ್ರಂಥವು ಅಂತಿಯೋಕನ ಕಾಲದಲ್ಲಿಯೇ ಬರೆಯಲ್ಪಟ್ಟಿತೆಂದು ವಾದಿಸಿದನು. ಐದನೆಯ ಶತಮಾನದ ಆರಂಭದಲ್ಲಿ ಜೆರೋಮನು ತನ್ನ ವ್ಯಾಖ್ಯಾನದಲ್ಲಿ ಅವನಿಗೆ ಉತ್ತರ ಕೊಟ್ಟನು. ಅನೇಕ ಸಂಗತಿಗಳು ಅಂತಿಯೋಕನಿಗೆ ಹೊಂದುತ್ತವೆಂಬುದನ್ನು ಜೆರೋಮನು ಅಲ್ಲಗಳೆಯಲಿಲ್ಲ. ಆದರೆ ಅವನಲ್ಲಿ ಮುಗಿಯದ ಅರ್ಥವೊಂದು ಉಳಿದಿದೆಯೆಂದೂ ಅಂತಿಯೋಕನು ಬರಲಿರುವ ಕ್ರಿಸ್ತವಿರೋಧಿಯ ಮುನ್ನೆರಳೆಂದೂ ಹೇಳಿದನು. ಗ್ರಂಥದ ರಚನಾಕಾಲದ ವಿಷಯದಲ್ಲಿ ನಮ್ಮ ಓದುಗರು ಯಾವ ಪಕ್ಷವನ್ನು ಹಿಡಿದರೂ ಈ ಇಬ್ಬರೂ ಒಪ್ಪಿದ ಅಂಶ ಒಂದಿದೆ: ಮಾತು ಮೊದಲು ಬೇರೂರಿದ್ದು ಕ್ರಿ.ಪೂ. ಎರಡನೆಯ ಶತಮಾನದ ಸಂಕಟದಲ್ಲಿ.

ಹಳೆಯ ಪ್ರವಾದನೆಯನ್ನು ಹೊಸ ಸಂಕಟದಲ್ಲಿ ಮತ್ತೆ ಓದುವುದು ದಾನಿಯೇಲನ ಗ್ರಂಥಕ್ಕೇ ಹೊಸದಲ್ಲ. 9ನೆಯ ಅಧ್ಯಾಯದಲ್ಲಿ ದಾನಿಯೇಲನು ಯೆರೆಮೀಯನ ಎಪ್ಪತ್ತು ವರುಷಗಳನ್ನು ಓದಿ, ಉಪವಾಸವಿದ್ದು, ಜನರ ಪಾಪವನ್ನು ಅರಿಕೆಮಾಡಿದ ಮೇಲೆಯೇ ಎಪ್ಪತ್ತು ವಾರಗಳ ತಿಳಿವಳಿಕೆಯನ್ನು ಪಡೆಯುತ್ತಾನೆ. ಈ ಕ್ರಮವನ್ನು ನೆನಪಿನಲ್ಲಿಡೋಣ. ಲೆಕ್ಕಕ್ಕಿಂತ ಮುಂಚೆ ಪಾಪದ ಅರಿಕೆಯಿದೆ.

2. ಕ್ರಿ.ಶ. 40: ತಪ್ಪಿಹೋದ ಸಂಕಟ

ಕರ್ತನ ಶಿಲುಬೆಯ ಮರಣವಾಗಿ ಹತ್ತು ವರುಷಗಳಷ್ಟರಲ್ಲಿ ದಾನಿಯೇಲನ ಮಾತು ಮತ್ತೆ ನಿಜವಾಗುವಂತೆ ಕಂಡಿತು. ಯಾಮ್ನಿಯ ಎಂಬ ಪಟ್ಟಣದಲ್ಲಿ ಕೈಸರನಿಗೆಂದು ಎಬ್ಬಿಸಿದ್ದ ವೇದಿಯನ್ನು ಯೆಹೂದ್ಯರು ಕೆಡವಿದರೆಂದು ಕೇಳಿ ಕೈಸರನಾದ ಗಾಯಸ್ ಕಲಿಗುಲನು ಕೆರಳಿ, ಯೆರೂಸಲೇಮಿನ ದೇವಾಲಯದಲ್ಲಿ ತನ್ನ ವಿಗ್ರಹವನ್ನು ನಿಲ್ಲಿಸಬೇಕೆಂದು ಆಜ್ಞಾಪಿಸಿದನು. ಸಿರಿಯದ ಅಧಿಪತಿಯಾದ ಪೆತ್ರೋನಿಯಸನು ಸೈನ್ಯದೊಂದಿಗೆ ಪ್ತೊಲೆಮಾಯಕ್ಕೆ ಬಂದನು. ಬಿತ್ತನೆಯ ಕಾಲವಾಗಿದ್ದರೂ ಯೆಹೂದ್ಯರು ಹೊಲಗಳನ್ನು ಬಿಟ್ಟು ಗುಂಪುಗುಂಪಾಗಿ ಅವನೆದುರಿಗೆ ಬಂದು, ಆಯುಧವೆತ್ತದೆ, ತಮ್ಮ ಕುತ್ತಿಗೆಗಳನ್ನು ಕತ್ತಿಗೆ ಒಡ್ಡಲು ಸಿದ್ಧರಾದರೆಂದು ಜೋಸೆಫಸನು ಬರೆಯುತ್ತಾನೆ. ಫೈಲೋ ಎಂಬ ಅಲೆಕ್ಸಾಂದ್ರಿಯದ ವಿದ್ವಾಂಸನೂ ರೋಮಿನ ಇತಿಹಾಸಕಾರ ಟ್ಯಾಸಿಟಸನೂ ಈ ಸಂಗತಿಗೆ ಸಾಕ್ಷಿಗಳು. ಪೆತ್ರೋನಿಯಸನು ಕಾಲಹರಣ ಮಾಡಿದನು, ಅರಸನಾದ ಅಗ್ರಿಪ್ಪನು ಮಧ್ಯಸ್ಥಿಕೆ ನಡಿಸಿದನು, ಕ್ರಿ.ಶ. 41ರ ಜನವರಿಯಲ್ಲಿ ಕಲಿಗುಲನು ಕೊಲೆಯಾದನು. ವಿಗ್ರಹವು ಯೆರೂಸಲೇಮನ್ನು ಮುಟ್ಟಲೇ ಇಲ್ಲ.

ಮಾರ್ಕ 13:14ರ ಗ್ರೀಕ್ ವ್ಯಾಕರಣದಲ್ಲಿ ಗಮನಿಸತಕ್ಕ ವಿಷಯವೊಂದಿದೆ. "ಅಸಹ್ಯವಸ್ತು" ಎಂಬುದು ನಪುಂಸಕಲಿಂಗದ ನಾಮಪದ. ಆದರೆ ಅದರೊಡನೆ ಬರುವ "ನಿಂತಿರುವ" ಎಂಬ ಕೃದಂತವು ಪುಲ್ಲಿಂಗದಲ್ಲಿದೆ. ಮಾರ್ಕನ ಮನಸ್ಸಿನಲ್ಲಿ ವಸ್ತುವಿನ ಹಿಂದೆ ಒಬ್ಬ ವ್ಯಕ್ತಿ ನಿಂತಿದ್ದಾನೆ. ಓದುವವನು ಗ್ರಹಿಸಬೇಕೆಂಬ ಸೂಚನೆಯನ್ನು ಅವನು ಆ ಕಡೆಯಲ್ಲಿಯೇ ಸೇರಿಸುತ್ತಾನೆ. ಈ ಭಾಗವು ಕಲಿಗುಲನ ಸಂಕಟದ ದಿನಗಳಲ್ಲಿ ಸಭೆಯು ಕರ್ತನ ಮಾತುಗಳನ್ನು ನೆನಪಿಸಿಕೊಂಡ ರೀತಿಯನ್ನು ತೋರಿಸುತ್ತದೆಂದು ಕೆಲವು ವಿದ್ವಾಂಸರು ಹೇಳುತ್ತಾರೆ. 2 ಥೆಸಲೋನಿಕ 2:4ರಲ್ಲಿ ದೇವರ ಗುಡಿಯಲ್ಲಿ ತಾನೇ ದೇವರೆಂದು ಕೂತುಕೊಳ್ಳುವವನ ಚಿತ್ರದಲ್ಲಿಯೂ ಆ ನೆನಪಿನ ಛಾಯೆಯನ್ನು ಅನೇಕರು ಗುರುತಿಸುತ್ತಾರೆ.

ನಮಗೆ ಇಲ್ಲಿ ಮುಖ್ಯವಾದದ್ದು ಬೇರೊಂದು. ಕ್ರಿ.ಶ. 40ರಲ್ಲಿ ಎಲ್ಲ ಗುರುತುಗಳೂ ಹೊಂದಿಕೆಯಾಗುವಂತಿದ್ದವು: ಅಹಂಕಾರಿಯಾದ ಅರಸ, ವಿಗ್ರಹ, ಪವಿತ್ರಸ್ಥಳ. ಆದರೂ ಅಂತ್ಯವು ಬರಲಿಲ್ಲ. ಆ ದಿನ "ಇದೇ ಅದು" ಎಂದವನು ತಪ್ಪಿದನು; ಹೊಲದಲ್ಲಿ ನಿಂತು "ನಾವು ವಿಗ್ರಹಕ್ಕೆ ಒಪ್ಪುವುದಿಲ್ಲ" ಎಂದವನು ತಪ್ಪಲಿಲ್ಲ.

3. ಕ್ರಿ.ಶ. 66ರಿಂದ 70: ದೇವಾಲಯದ ನಾಶ

ಇನ್ನು ಮೂರನೆಯ ಘಟ್ಟಕ್ಕೆ ಬರೋಣ. ಕ್ರಿ.ಶ. 66ರಲ್ಲಿ ದೇಶಾಧಿಪತಿಯಾದ ಫ್ಲೋರಸನು ದೇವಾಲಯದ ಭಂಡಾರದಿಂದ 17 ತಲಾಂತುಗಳನ್ನು ತೆಗೆದುಕೊಂಡನು. ಜನರು ದಂಗೆಯೆದ್ದರು, ಕೈಸರನ ಹೆಸರಿನಲ್ಲಿ ನಡೆಯುತ್ತಿದ್ದ ಬಲಿಗಳನ್ನು ಯಾಜಕರು ನಿಲ್ಲಿಸಿದರು. ಸಿರಿಯದಿಂದ ಬಂದ ಸೆಸ್ತಿಯಸ್ ಗಾಲಸನು ನಗರದ ಗೋಡೆಯವರೆಗೆ ಬಂದು, ಕಾರಣ ತಿಳಿಯದಂತೆ ಹಿಮ್ಮೆಟ್ಟಿ, ಬೇತ್‌ಹೋರೋನಿನ ಇಳಿಜಾರಿನಲ್ಲಿ ಸೋಲನ್ನು ಅನುಭವಿಸಿದನು. ಆಗ ನಗರವೆಲ್ಲ ಜಯಘೋಷ ಮಾಡಿತು. ಆದರೆ ವಿವೇಕಿಗಳಾದ ಕೆಲವರು, ಮುಳುಗುವ ಹಡಗನ್ನು ಬಿಡುವವರಂತೆ, ಆ ವೇಳೆಯಲ್ಲಿಯೇ ನಗರವನ್ನು ಬಿಟ್ಟರೆಂದು ಜೋಸೆಫಸನು ಹೇಳುತ್ತಾನೆ.

67-68ರ ಚಳಿಗಾಲದಲ್ಲಿ ಮತಾಭಿಮಾನಿಗಳ ಪಂಗಡವು ದೇವಾಲಯವನ್ನೇ ಕೋಟೆಯಾಗಿ ಮಾಡಿಕೊಂಡು, ಚೀಟುಹಾಕಿ, ಫನ್ನಿಯಸ್ ಎಂಬ ಹಳ್ಳಿಗನನ್ನು ಮಹಾಯಾಜಕನ ಪೀಠದಲ್ಲಿ ಕೂರಿಸಿತು. ಆ ಪದವಿಯ ಅರ್ಥವೂ ಅವನಿಗೆ ತಿಳಿದಿರಲಿಲ್ಲವಂತೆ. ದೇವಾಲಯದ ಅಂಗಳದಲ್ಲಿ ಯೆಹೂದ್ಯರ ರಕ್ತವನ್ನು ಯೆಹೂದ್ಯರೇ ಸುರಿಸಿದರು. ಕ್ರಿ.ಶ. 70ರ ಪಸ್ಕಹಬ್ಬದ ಹೊತ್ತಿಗೆ ತೀತನು ನಗರವನ್ನು ಮುತ್ತಿದನು. ಅವನ ಸೈನಿಕರು ಮೂರೇ ದಿನಗಳಲ್ಲಿ ನಗರದ ಸುತ್ತಲೂ ಗೋಡೆಯೆಬ್ಬಿಸಿದರು; ಒಳಗೆ ಕ್ಷಾಮ ಹಬ್ಬಿತು. ಆಗಸ್ಟ್ ತಿಂಗಳಲ್ಲಿ ದೇವಾಲಯವು ಬೆಂಕಿಗೆ ಆಹುತಿಯಾಯಿತು. ರೋಮಿನ ಸೈನಿಕರು ತಮ್ಮ ಧ್ವಜಗಳನ್ನು ದೇವಾಲಯದ ಅಂಗಳಕ್ಕೆ ತಂದು, ಪೂರ್ವದಿಕ್ಕಿನ ಬಾಗಿಲಿನ ಎದುರಿಗೆ ಅವುಗಳಿಗೆ ಬಲಿಯರ್ಪಿಸಿದರು.

ಜೋಸೆಫಸನ ಬರಹವನ್ನು ಎಚ್ಚರದಿಂದ ಓದಬೇಕು. ಅವನು ಗಲಿಲಾಯದಲ್ಲಿ ಸೇನಾಪತಿಯಾಗಿದ್ದು, 67ರಲ್ಲಿ ರೋಮಿನವರಿಗೆ ಶರಣಾಗಿ, ಮುಂದೆ ಅವರ ಆಶ್ರಯದಲ್ಲಿ ಬದುಕಿದವನು. ತೀತನ ತಪ್ಪನ್ನು ತಗ್ಗಿಸಿ ದಂಗೆಕೋರರ ತಪ್ಪನ್ನು ಹೆಚ್ಚಿಸುವ ಒಲವು ಅವನಲ್ಲಿದೆ. ಸತ್ತವರು 11 ಲಕ್ಷವೆಂಬ ಅವನ ಲೆಕ್ಕವನ್ನು ಇತಿಹಾಸಕಾರರು ಒಪ್ಪುವುದಿಲ್ಲ. ಆದರೂ ನಗರವು ಬಿದ್ದ ಬಗೆಗೆ ಅವನ ಸಾಕ್ಷ್ಯವೊಂದೇ ಅಲ್ಲ. ರೋಮಿನಲ್ಲಿ ಇಂದಿಗೂ ನಿಂತಿರುವ ತೀತನ ಕಮಾನಿನ ಮೇಲೆ ದೇವಾಲಯದ ದೀಪಸ್ತಂಭವನ್ನು ಹೊತ್ತೊಯ್ಯುವ ದೃಶ್ಯವನ್ನು ಕೆತ್ತಿದ್ದಾರೆ. 1968ರಿಂದ ನಡೆದ ಉತ್ಖನನದಲ್ಲಿ ದೇವಾಲಯದ ಬೆಟ್ಟದ ನೈಋತ್ಯ ಮೂಲೆಯಲ್ಲಿ, ಮೇಲಿಂದ ಕೆಡವಿದ ಭಾರೀ ಕಲ್ಲುಗಳು ಹೆರೋದನ ಕಾಲದ ಬೀದಿಯ ಮೇಲೆಯೇ ಬಿದ್ದಿರುವುದು ಕಂಡುಬಂದಿದೆ. ಅದೇ ಬೆಟ್ಟವನ್ನು ಆನಿಸಿ ಹಿಡಿದಿರುವ ಗೋಡೆಯ ಭಾಗಗಳು ಮಾತ್ರ ಇನ್ನೂ ನಿಂತಿವೆ. ಕಲ್ಲಿನ ಮೇಲೆ ಕಲ್ಲು ಉಳಿಯದೆಂಬ ಕರ್ತನ ಮಾತನ್ನು ಅಳತೆಗೋಲಿನಿಂದ ಪರೀಕ್ಷಿಸುವವರಿಗೆ ಇದು ತೊಡಕಾಗಬಹುದು. ಕರ್ತನು ಮಾತಾಡಿದ್ದು ಶಿಷ್ಯರು ಬೆರಗಾಗಿ ನೋಡಿದ ಕಟ್ಟಡಗಳನ್ನು ಕುರಿತು; ಪ್ರವಾದಿಯ ಮಾತು ಗುತ್ತಿಗೆದಾರನ ಲೆಕ್ಕಪತ್ರವಲ್ಲ.

4. ಓಡಿಹೋಗಿರಿ ಎಂಬ ಪ್ರವಾದನೆ

ಹಾಗಾದರೆ ಮಾರ್ಕ 13:14ರ ಅಸಹ್ಯವಸ್ತು ಯಾವುದು? ರೋಮಿನ ಧ್ವಜಗಳೆಂದರೆ, ಅವು ಅಂಗಳಕ್ಕೆ ಬಂದಾಗ ಓಡಿಹೋಗುವ ಅವಕಾಶವೇ ಉಳಿದಿರಲಿಲ್ಲ. ಫನ್ನಿಯಸನ ಕಾಲದಲ್ಲಿ ದೇವಾಲಯವು ಹೊಲೆಯಾದದ್ದೆಂದರೆ ಕಾಲವು ಹೊಂದುತ್ತದೆ. ಆಗ ಬಾಗಿಲುಗಳು ಪೂರಾ ಮುಚ್ಚಿರಲಿಲ್ಲ. ಲೂಕನು 21:20ರಲ್ಲಿ ದಾನಿಯೇಲನ ಪದವನ್ನು ಬಿಟ್ಟು, ದಂಡುಗಳು ಯೆರೂಸಲೇಮನ್ನು ಸುತ್ತಿಕೊಳ್ಳುವುದನ್ನೇ ಗುರುತಾಗಿ ಹೇಳುತ್ತಾನೆ. ಅನ್ಯಜನಾಂಗದ ಓದುಗರಿಗೆ ಒಗಟನ್ನು ಇತಿಹಾಸವಾಗಿ ಬಿಡಿಸಿ ಹೇಳಿದ ಮೊದಲ ವ್ಯಾಖ್ಯಾನಕಾರ ಲೂಕನೇ ಎನ್ನಬಹುದು.

ಮಾರ್ಕನು ಬರೆದದ್ದು ನಗರದ ನಾಶಕ್ಕೆ ಮುಂಚೆಯೋ ಅನಂತರವೋ ಎಂಬ ಚರ್ಚೆಯಿದೆ. ನಡೆದುಹೋದದ್ದನ್ನೇ ಪ್ರವಾದನೆಯಾಗಿ ಬರೆದಿದ್ದಾನೆಂಬವರಿಗೆ ಒಂದು ಮಾತನ್ನು ನೆನಪಿಸಬೇಕು. ಮಾರ್ಕನು ಬೆಂಕಿಯನ್ನು ಹೇಳುವುದಿಲ್ಲ. ಓಡಿಹೋಗುವುದು ಚಳಿಗಾಲದಲ್ಲಿ ಆಗದಂತೆ ಪ್ರಾರ್ಥಿಸಬೇಕೆನ್ನುತ್ತಾನೆ, ಆದರೆ ನಗರವು ಬಿದ್ದದ್ದು ಬೇಸಿಗೆಯಲ್ಲಿ. ನಡೆದದ್ದನ್ನು ನೋಡಿ ಬರೆದವನಾಗಿದ್ದರೆ ವಿವರಗಳು ಇನ್ನಷ್ಟು ಹೊಂದುತ್ತಿದ್ದವು. ಹಾಗೆಂದು ಈ ವಾದವೇ ನಿರ್ಣಾಯಕವೆಂದು ನಾವು ಹೇಳುವುದಿಲ್ಲ. ಸುವಾರ್ತೆಯು ಯುದ್ಧದ ಹೊಗೆ ಕಾಣುತ್ತಿದ್ದ ಕಾಲದಲ್ಲಿ ರೂಪುಗೊಂಡಿತೆಂಬುದು ಸಾಕು.

ಯೆರೂಸಲೇಮಿನ ಕ್ರೈಸ್ತರು ದೇವೋಕ್ತಿಯ ಪ್ರಕಾರ ಯೊರ್ದನಿನ ಆಚೆಯ ಪೆಲ್ಲ ಎಂಬ ಪಟ್ಟಣಕ್ಕೆ ಹೋದರೆಂದು ನಾಲ್ಕನೆಯ ಶತಮಾನದ ಯೂಸೆಬಿಯಸನು ಬರೆದಿದ್ದಾನೆ. ಈ ಪರಂಪರೆಯ ಐತಿಹಾಸಿಕತೆಯನ್ನು ಕೆಲವರು ಒಪ್ಪುತ್ತಾರೆ, ಕೆಲವರು ಸಂಶಯಿಸುತ್ತಾರೆ. ಪ್ರಸಂಗಪೀಠದಿಂದ ಅದನ್ನು "ಹೀಗೆಂದು ಪರಂಪರೆ ಹೇಳುತ್ತದೆ" ಎಂದು ಹೇಳುವುದು ಪ್ರಾಮಾಣಿಕತೆ.

ಆದರೆ ಜೋಸೆಫಸನ ಒಂದು ವೃತ್ತಾಂತವನ್ನು ಪ್ರತಿಯೊಬ್ಬ ಪ್ರಸಂಗಿಯೂ ಓದಬೇಕು. ದೇವಾಲಯವು ಉರಿಯುತ್ತಿದ್ದಾಗ ಹೊರಗಿನ ಅಂಗಳದ ಮಂಟಪದಲ್ಲಿ ಹೆಂಗಸರೂ ಮಕ್ಕಳೂ ಸೇರಿದಂತೆ ಸುಮಾರು 6,000 ಜನರು ಆಶ್ರಯ ಪಡೆದಿದ್ದರು. ಸೈನಿಕರು ಅದಕ್ಕೆ ಬೆಂಕಿಯಿಟ್ಟರು, ಒಬ್ಬರೂ ಉಳಿಯಲಿಲ್ಲ. ಅವರು ಅಲ್ಲಿಗೆ ಹೋದದ್ದೇಕೆ? ದೇವಾಲಯಕ್ಕೆ ಏರಿಹೋಗಿರಿ, ಬಿಡುಗಡೆಯ ಸೂಚನೆಗಳನ್ನು ಅಲ್ಲಿ ಕಾಣುವಿರಿ ಎಂದು ದೇವರು ಅಪ್ಪಣೆ ಕೊಟ್ಟಿದ್ದಾನೆಂದು ಅದೇ ದಿನ ಒಬ್ಬ ಪ್ರವಾದಿಯು ಸಾರಿದ್ದನು. ಇದಕ್ಕೆ ಕೆಲವು ವರುಷ ಮುಂಚೆ ಐಗುಪ್ತದಿಂದ ಬಂದ ಮತ್ತೊಬ್ಬ ಪ್ರವಾದಿಯು ಜನರನ್ನು ಎಣ್ಣೇಮರಗಳ ಗುಡ್ಡಕ್ಕೆ ಕರೆದೊಯ್ದು, ತನ್ನ ಅಪ್ಪಣೆಗೆ ಯೆರೂಸಲೇಮಿನ ಗೋಡೆಗಳು ಬೀಳುವವೆಂದು ಹೇಳಿದ್ದನು, ಅ.ಕೃ. 21:38ರಲ್ಲಿ ಸಹಸ್ರಾಧಿಪತಿಯು ಪೌಲನನ್ನು ಅವನೆಂದೇ ತಪ್ಪಾಗಿ ತಿಳಿದನು.

ಅದೇ ಗುಡ್ಡದ ಮೇಲೆ ಕೂತು ನಮ್ಮ ಕರ್ತನು ಪೇತ್ರ, ಯಾಕೋಬ, ಯೋಹಾನ, ಅಂದ್ರೆಯರಿಗೆ ಹೇಳಿದ್ದು ಇದಕ್ಕೆ ನೇರ ವಿರುದ್ಧವಾದ ಮಾತು. ಏರಿಹೋಗಬೇಡಿರಿ, ಬಿಟ್ಟು ಓಡಿಹೋಗಿರಿ. ಮಾಳಿಗೆಯ ಮೇಲಿರುವವನು ಮನೆಯೊಳಗಿನ ಸಾಮಾನಿಗಾಗಿ ಇಳಿಯಬಾರದು. ಬಸುರಿಯರಿಗೂ ಎಳೆಕೂಸಿನ ತಾಯಂದಿರಿಗೂ ಆಗುವ ಕಷ್ಟವನ್ನು ಎಣಿಸಿರಿ. ಸುಳ್ಳು ಪ್ರವಾದನೆಯು ಬಡವರನ್ನು ಉರಿಯುವ ಮಂಟಪಕ್ಕೆ ಏರಿಸಿತು. ಕರ್ತನ ಪ್ರವಾದನೆಯು ಅವರ ಜೀವವನ್ನು ಉಳಿಸಲು ನೋಡಿತು. ಅಂತ್ಯಕಾಲದ ಬೋಧನೆ ಯಾವುದೇ ಇರಲಿ, ಈ ಒರೆಗಲ್ಲಿಗೆ ಅದನ್ನು ಹಚ್ಚಿ ನೋಡಬೇಕು. ಅದು ದುರ್ಬಲರನ್ನು ಎಲ್ಲಿಗೆ ಕರೆದೊಯ್ಯುತ್ತದೆ?

5. ಉಳಿದ ತೊಡಕು: ಈ ಸಂತತಿ ಮತ್ತು ಆ ದಿನ

13:30ರಲ್ಲಿ ಇವೆಲ್ಲವೂ ಆಗುವ ತನಕ ಈ ಸಂತತಿಯು ಅಳಿದುಹೋಗದೆಂದು ಕರ್ತನು ಹೇಳುತ್ತಾನೆ. 13:24-27ರಲ್ಲಿಯಾದರೋ ಸೂರ್ಯನು ಕತ್ತಲಾಗುವುದನ್ನೂ ಮನುಷ್ಯಕುಮಾರನು ಮೇಘಗಳಲ್ಲಿ ಬರುವುದನ್ನೂ ಹೇಳಿದ್ದಾನೆ. ಎಲ್ಲವೂ ಕ್ರಿ.ಶ. 70ರಲ್ಲಿಯೇ ಮುಗಿಯಿತೆಂದು ಕೆಲವರು ತೀರ್ಮಾನಿಸುತ್ತಾರೆ. ಎಲ್ಲವೂ ಇನ್ನು ಮುಂದೆಯೇ ಎಂದು ಮತ್ತೆ ಕೆಲವರು ಹೇಳಿ "ಸಂತತಿ" ಎಂಬುದಕ್ಕೆ ಜನಾಂಗವೆಂಬ ಅರ್ಥವನ್ನು ಹುಡುಕುತ್ತಾರೆ.

ಮೊದಲನೆಯವರ ಪಕ್ಷದಲ್ಲಿ ಗಟ್ಟಿಯಾದ ಅಂಶವಿದೆ. ಯೆಶಾಯ 13:10ರಲ್ಲಿ ಸೂರ್ಯಚಂದ್ರರು ಕಪ್ಪಾಗುವುದನ್ನು ಹೇಳಿರುವುದು ಬಾಬೆಲಿನ ಪತನವನ್ನು ಕುರಿತು, ಕ್ರಿ.ಪೂ. 539ರಲ್ಲಿ ಕೋರೆಷನು ಬಾಬೆಲನ್ನು ಹಿಡಿದಾಗ ಆಕಾಶವು ಉರುಳಲಿಲ್ಲ. ರಾಜ್ಯವೊಂದು ಬೀಳುವುದರ ಗುರುತ್ವವನ್ನು ಹೇಳಲು ಪ್ರವಾದಿಗಳು ಆಕಾಶದ ಭಾಷೆಯನ್ನು ಬಳಸಿದರು. ದಾನಿಯೇಲ 7:13ರಲ್ಲಿಯೂ ಮನುಷ್ಯಕುಮಾರನಂತಿರುವವನು ಬರುವುದು ಮಹಾವೃದ್ಧನ ಸನ್ನಿಧಿಗೆ, ಅಧಿಕಾರವನ್ನು ಹೊಂದುವುದಕ್ಕೆ. ಆದರೆ ಸಭೆಯ ನಿರೀಕ್ಷೆಯು ಈ ಒಂದು ಅಧ್ಯಾಯದ ಮೇಲೆ ನಿಂತದ್ದಲ್ಲ. 1 ಕೊರಿಂಥ 15ರ ಪುನರುತ್ಥಾನ, ರೋಮಾಪುರ 8ರಲ್ಲಿ ನರಳುವ ಸೃಷ್ಟಿಯ ಬಿಡುಗಡೆ, ಅ.ಕೃ. 1:11ರ ವಾಗ್ದಾನ ಇವು ಯಾವ ನಗರದ ಪತನದಲ್ಲಿಯೂ ಮುಗಿದಿಲ್ಲ. ಜೀವಿಸುವವರಿಗೂ ಸತ್ತವರಿಗೂ ನ್ಯಾಯತೀರಿಸಲು ಆತನು ಬರುವನೆಂದು ನಾವು ನೈಸೀಯ ವಿಶ್ವಾಸಪ್ರಮಾಣದಲ್ಲಿ ಅರಿಕೆಮಾಡುತ್ತೇವೆ.

ಗ್ರಂಥಪಾಠದಲ್ಲಿಯೇ ಒಂದು ಸುಳಿವಿದೆ. 13:4ರ ಶಿಷ್ಯರ ಪ್ರಶ್ನೆಯಲ್ಲಿಯೂ 13:29-30ರಲ್ಲಿಯೂ "ಇವು", "ಇವೆಲ್ಲ" ಎಂಬ ಮಾತುಗಳಿವೆ. ಅವುಗಳಿಗೆ ಗುರುತುಗಳಿವೆ, ಅವಧಿಯಿದೆ. 13:32ರಲ್ಲಿ "ಆ ದಿನ" ಎಂದು ಮಾತು ಬದಲಾಗುತ್ತದೆ. ಅದಕ್ಕೆ ಗುರುತೂ ಇಲ್ಲ, ಅವಧಿಯೂ ಇಲ್ಲ. ಮಗನಿಗೂ ತಿಳಿಯದೆಂದು ಮಗನೇ ಹೇಳುತ್ತಾನೆ. ಈ ವಿಂಗಡಣೆಯಿಂದ 24ನೆಯ ವಚನದ ತೊಡಕು ಪೂರ್ಣವಾಗಿ ತೀರುವುದಿಲ್ಲ. ಆ ಸಂಕಟವಾದ ಮೇಲೆ, ಆ ದಿನಗಳಲ್ಲಿ ಎಂದು ಅದು ಎರಡನ್ನೂ ಹತ್ತಿರ ಹತ್ತಿರ ಇಡುತ್ತದೆ. ಕರಾವಳಿಯಿಂದ ಘಟ್ಟವನ್ನು ನೋಡುವವನಿಗೆ ಒಂದರ ಹಿಂದೊಂದು ಸಾಲುಬೆಟ್ಟಗಳು ಒಂದೇ ಗೋಡೆಯಂತೆ ಕಾಣುತ್ತವೆ; ನಡುವಿನ ಕಣಿವೆ ಹತ್ತಿದವನಿಗೆ ಮಾತ್ರ ತಿಳಿಯುತ್ತದೆ. ಪ್ರವಾದಿಗಳ ನೋಟವನ್ನು ಹೀಗೆ ವಿವರಿಸುವುದು ಹಳೆಯ ವಾಡಿಕೆ; ನಾವೂ ಅದನ್ನು ಒಪ್ಪುತ್ತೇವೆ. ಅಂತಿಯೋಕನು ಮೊದಲನೆಯ ಬೆಟ್ಟವಾದರೆ ಕ್ರಿ.ಶ. 70 ಎರಡನೆಯದು. ಅವುಗಳ ಆಚೆ ಇರುವುದು ಕರ್ತನ ದಿನ.

6. ಲೆಕ್ಕ ಹಾಕಿದವರು

ಆ ಕಣಿವೆಯ ಅಗಲವನ್ನು ಅಳೆಯಹೋದವರಲ್ಲಿ ಭಕ್ತರೂ ಪಂಡಿತರೂ ಇದ್ದರು. ಜರ್ಮನಿಯ ವುರ್ಟೆಂಬರ್ಗಿನ ಯೋಹಾನ್ ಆಲ್ಬ್ರೆಕ್ಟ್ ಬೆಂಗೆಲನು ಹೊಸ ಒಡಂಬಡಿಕೆಯ ಗ್ರೀಕ್ ಪಾಠವನ್ನು ಶ್ರದ್ಧೆಯಿಂದ ಶೋಧಿಸಿದವರಲ್ಲಿ ಅಗ್ರಗಣ್ಯನು. ಅವನೇ ಪ್ರಕಟನೆಯ ಸಂಖ್ಯೆಗಳನ್ನು ಕೂಡಿಸಿ 1836ನೆಯ ವರುಷವನ್ನು ನಿರ್ಣಯಿಸಿದನು. ಅಮೆರಿಕದ ವಿಲಿಯಂ ಮಿಲ್ಲರನು ದಾನಿಯೇಲ 8:14ರ 2,300 ದಿನಗಳನ್ನು ವರುಷಗಳೆಂದೆಣಿಸಿ, ಕ್ರಿ.ಪೂ. 457ರಿಂದ ಲೆಕ್ಕ ಹಾಕಿದನು. ಅವನ ಅನುಯಾಯಿಗಳು 1844ರ ಅಕ್ಟೋಬರ್ 22ರಂದು ಕಾದು ಕುಳಿತು ನಿರಾಶರಾದರು. ಅಂತಿಯೋಕನ ಕಾಲದ ಸಂಕಟದ ದಿನಗಳನ್ನು ಇತಿಹಾಸದಿಂದ ಕಿತ್ತು ಪಂಚಾಂಗದಲ್ಲಿ ನೆಟ್ಟದ್ದೇ ಇಲ್ಲಿಯ ದೋಷ.

ನಮ್ಮ ನಾಡಿಗೆ ಈ ಇತಿಹಾಸದ ಕೊಂಡಿಯೊಂದಿದೆ. ಬೆಂಗೆಲನ ಭಕ್ತಿಪರಂಪರೆ ಬೆಳೆದ ಅದೇ ವುರ್ಟೆಂಬರ್ಗಿನಿಂದ ಬಾಸೆಲ್ ಮಿಷನ್ನಿಗೆ ಅನೇಕರು ಬಂದರು. ಅವರಲ್ಲೊಬ್ಬನಾದ ಹೆರ್ಮನ್ ಮೋಗ್ಲಿಂಗನು ಮಂಗಳೂರಿಗೆ ಬಂದದ್ದು 1836ರಲ್ಲಿಯೇ. ಬೆಂಗೆಲನು ಗುರುತುಹಾಕಿದ್ದ ವರುಷದಲ್ಲಿ ಯುಗಾಂತ್ಯವಾಗಲಿಲ್ಲ. ಕನ್ನಡ ಕಲಿಯಲು ಕುಳಿತ ಒಬ್ಬ ಸೇವಕನು ನಮಗೆ ದೊರೆತನು. ಏಳು ವರುಷಗಳ ಬಳಿಕ ಅವನು "ಮಂಗಳೂರ ಸಮಾಚಾರ"ವನ್ನು ಹೊರಡಿಸಿದನು. ಲೆಕ್ಕವು ಸುಳ್ಳಾದರೂ ಕರ್ತನ ಬರೋಣವನ್ನು ಎದುರುನೋಡುವ ಹಂಬಲವು ಸುವಾರ್ತೆಯ ಕೆಲಸವಾಗಿ ಫಲಿಸಿತು. ನಿರೀಕ್ಷೆಯನ್ನೂ ಲೆಕ್ಕವನ್ನೂ ಬೇರೆಮಾಡಿ ನೋಡಲು ನಮಗೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಡ.

7. ಪ್ರಸಂಗಪೀಠಕ್ಕೆ ಕೆಲವು ಸಲಹೆಗಳು

ಮೊದಲನೆಯದಾಗಿ, ಈ ವಾಕ್ಯಗಳನ್ನು ಬೋಧಿಸುವಾಗ ಅಂತಿಯೋಕನ ಕಥೆಯನ್ನೂ ಕ್ರಿ.ಶ. 70ರ ಕಥೆಯನ್ನೂ ಸಭೆಗೆ ಹೇಳೋಣ. ನಮ್ಮ ವಿಶ್ವಾಸಿಗಳಲ್ಲಿ ಬಹುಮಂದಿ ಇವನ್ನು ಕೇಳಿಯೇ ಇಲ್ಲ. ಇತಿಹಾಸವನ್ನು ತಿಳಿದ ಸಭೆಯನ್ನು ಭಯಪಡಿಸುವುದು ಸುಲಭವಲ್ಲ.

ಎರಡನೆಯದಾಗಿ, ಯೆರೂಸಲೇಮಿನ ನಾಶವನ್ನು ಯೆಹೂದ್ಯ ಜನಾಂಗದ ಮೇಲೆ ಶಾಪವೆಂದು ಸಾರಬಾರದು. ಯೂಸೆಬಿಯಸನಂಥವರು ಹಾಗೆ ಬರೆದರು. ಆ ಬೋಧನೆಯ ಕಹಿಫಲವನ್ನು ಯೂರೋಪಿನ ಯೆಹೂದ್ಯರು ಶತಮಾನಗಳ ಕಾಲ ಉಂಡರು. ಕರ್ತನು ಆ ನಗರವನ್ನು ನೋಡಿ ಅತ್ತನೆಂದು ಲೂಕ 19:41 ಹೇಳುತ್ತದೆ. ಕಣ್ಣೀರಿಲ್ಲದೆ ಈ ಅಧ್ಯಾಯವನ್ನು ಬೋಧಿಸುವವನು ಕರ್ತನ ಸ್ವರದಲ್ಲಿ ಬೋಧಿಸುತ್ತಿಲ್ಲ.

ಮೂರನೆಯದಾಗಿ, ಇಂದಿನ ಯಾವ ದೇಶವನ್ನಾಗಲಿ ನಾಯಕನನ್ನಾಗಲಿ ಹೆಸರುಹಿಡಿದು ದಾನಿಯೇಲನ ಗ್ರಂಥದಲ್ಲಿ ಕೂರಿಸದಿರೋಣ. ಅದರ ಬದಲಾಗಿ, ನಿಲ್ಲಬಾರದ ಸ್ಥಳದಲ್ಲಿ ನಿಂತಿರುವುದು ಯಾವುದೆಂದು ಕೇಳೋಣ. ಅಧಿಕಾರವು ದೇವರ ಸ್ಥಾನವನ್ನು ಬೇಡಿದಾಗ, ಸಭೆಯ ಪದವಿಗಳು ಹಣಕ್ಕೆ ಬಿಕರಿಯಾದಾಗ, ಪವಿತ್ರಸ್ಥಳವು ಪಂಗಡಗಳ ಕೋಟೆಯಾದಾಗ ಆ ಹಳೆಯ ಮಾತು ನಮ್ಮನ್ನೂ ಮುಟ್ಟುತ್ತದೆ.

ನಾಲ್ಕನೆಯದಾಗಿ, ಮಾರ್ಕನು ಈ ಅಧ್ಯಾಯವನ್ನು ಮುಗಿಸುವ ರೀತಿಯನ್ನು ಗಮನಿಸೋಣ. ಮನೆಯ ಯಜಮಾನನು ಬರುವ ಹೊತ್ತು ಸಂಜೆಯೋ, ಸರಿರಾತ್ರಿಯೋ, ಕೋಳಿ ಕೂಗುವ ಹೊತ್ತೋ, ಬೆಳಗೋ ತಿಳಿಯದೆಂದು ಅವನು ನಾಲ್ಕು ಜಾವಗಳನ್ನು ಎಣಿಸುತ್ತಾನೆ. ಮುಂದಿನ ಅಧ್ಯಾಯಗಳಲ್ಲಿ ಅವೇ ಜಾವಗಳು ಒಂದೊಂದಾಗಿ ಬರುತ್ತವೆ. ಸಂಜೆ ಕರ್ತನು ಹನ್ನೆರಡು ಮಂದಿಯೊಂದಿಗೆ ಊಟಕ್ಕೆ ಕೂತನು. ರಾತ್ರಿಯಲ್ಲಿ ಗೆತ್ಸೆಮನೆಯ ತೋಟದಲ್ಲಿ ಶಿಷ್ಯರು ನಿದ್ರೆಹೋದರು. ಕೋಳಿ ಕೂಗುವಾಗ ಪೇತ್ರನು ಆತನನ್ನು ಅಲ್ಲಗಳೆದನು. ಬೆಳಗಾಗುತ್ತಲೇ ಆತನನ್ನು ಪಿಲಾತನಿಗೆ ಒಪ್ಪಿಸಿದರು. ಗುಡ್ಡದ ಮೇಲೆ ಅಂತ್ಯದ ಗುರುತುಗಳನ್ನು ಕೇಳಿದ ನಾಲ್ವರಲ್ಲಿ ಮೂವರು ತೋಟದಲ್ಲಿ ಒಂದು ಗಳಿಗೆ ಎಚ್ಚರವಾಗಿರಲಾರದೆ ಹೋದರು.

ಆದುದರಿಂದ ಆರಾಧನೆಯ ಬಳಿಕ ಆ ಪ್ರಶ್ನೆಯನ್ನು ಹೊತ್ತು ಬರುವ ವಿಶ್ವಾಸಿಗೆ ನಾವು ಹೀಗೆ ಹೇಳಬಹುದು: ದಾನಿಯೇಲನು ಹೇಳಿದ್ದು ಒಮ್ಮೆ ನಡೆಯಿತು, ಕರ್ತನು ಹೇಳಿದ್ದು ಆ ಸಂತತಿಯಲ್ಲಿಯೇ ನಡೆಯಿತು, ಆತನು ಬರುವನೆಂಬುದೂ ಅಷ್ಟೇ ನಿಶ್ಚಯ. ಯಾವಾಗ ಎಂಬುದನ್ನು ತಂದೆಯು ತನ್ನಲ್ಲಿಯೇ ಇಟ್ಟುಕೊಂಡಿದ್ದಾನೆ. ಯುದ್ಧದ ಸುದ್ದಿ ಕೇಳಿದ ದಿನ ನಾವು ಮಾಡತಕ್ಕದ್ದು ಓಡಿಹೋಗುತ್ತಿರುವ ಬಸುರಿಯರಿಗಾಗಿಯೂ ಎಳೆಕೂಸುಗಳಿಗಾಗಿಯೂ ಪ್ರಾರ್ಥಿಸುವುದು, ಅವರಿಗೆ ಬಾಗಿಲು ತೆರೆಯುವುದು, ನಮಗೆ ಒಪ್ಪಿಸಿದ ಕೆಲಸದಲ್ಲಿ ಎಚ್ಚರವಾಗಿರುವುದು.